ನೆನಪೂ ಯಂತ್ರವೂ

ಕಳ್ಳಕಾಕರ ಭಯವಿಲ್ಲದ ಸಂಪತ್ತು ವಿದ್ಯೆಯೊಂದೇ ಎಂಬ ನಂಬಿಕೆ ಈ ನಾಡಿನಲ್ಲಿ ಬಹಳ ಹಳೆಯದು. ಹೊಲಮನೆಗಳನ್ನು ಕಳೆದುಕೊಂಡವನೂ ಕಲಿತದ್ದನ್ನು ಕಳೆದುಕೊಳ್ಳನು. ಏಕೆಂದರೆ ಅದನ್ನು ಇರಿಸಿದ ಭಂಡಾರ ಅವನ ತಲೆಯೊಳಗಿದೆ, ಅದರ ಬೀಗದ ಕೈ ಅವನಲ್ಲಿಯೇ ಇದೆ. ಆ ಭಂಡಾರಕ್ಕೆ ನೆನಪೆಂದು ಹೆಸರು. ತಲೆತಲಾಂತರದಿಂದ ಯಾರೂ ಸಂದೇಹಿಸದಿದ್ದ ಈ ಮಾತನ್ನು ಇಂದು ಮತ್ತೊಮ್ಮೆ ಯೋಚಿಸಿ ನೋಡಬೇಕಾಗಿದೆ. ಮಿದುಳಿಗೂ ಗಣಕಯಂತ್ರಕ್ಕೂ ನೇರವಾಗಿ ಸಂಪರ್ಕ ಕಲ್ಪಿಸುವ ವಿದ್ಯೆ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಿದೆ. ಅದು ನೆನಪಿನ ಬಾಗಿಲನ್ನೂ ತಟ್ಟಿದೆ.

ಈ ಹೊಸ ವಿದ್ಯೆಯ ಬೆಲೆ ಕಟ್ಟುವ ಮೊದಲು ನೆನಪೆಂದರೆ ಏನೆಂಬುದನ್ನು ತಿಳಿಯುವುದು ಒಳ್ಳೆಯದು. ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ಈ ವಿಚಾರ ಅಪರಿಚಿತವಲ್ಲ. ಚಾಮರಾಜಪೇಟೆಯ ಪಂಪ ಮಹಾಕವಿ ರಸ್ತೆಯಲ್ಲಿ, 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ಭವನವಿದೆ. ಅದೇ ರಸ್ತೆಯಲ್ಲಿ ಶಾಸ್ತ್ರಗ್ರಂಥಗಳನ್ನು ಕಂಠಪಾಠ ಮಾಡಿಸುತ್ತ ಬಂದ ಸಂಸ್ಕೃತ ಪಾಠಶಾಲೆಯೂ ಇದೆ. ಬಸವನಗುಡಿಯಲ್ಲಿ ಡಿ.ವಿ. ಗುಂಡಪ್ಪನವರು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಿದೆ. ಗಮಕ, ಹರಿಕಥೆ, ಅವಧಾನ ಮೊದಲಾದ, ನೆನಪನ್ನೇ ಬಂಡವಾಳವಾಗಿ ಉಳ್ಳ ಕಲೆಗಳಿಗೆ ಈ ಬಡಾವಣೆಗಳ ರಸಿಕರು ಬಹುಕಾಲ ಆಶ್ರಯ ನೀಡಿದ್ದಾರೆ.

ಅವಧಾನವನ್ನು ನೋಡಿದವರಿಗೆ ನೆನಪಿನ ಸ್ವರೂಪ ಸುಲಭವಾಗಿ ಅರ್ಥವಾಗುತ್ತದೆ. ಅಷ್ಟಾವಧಾನದಲ್ಲಿ ಎಂಟು ಮಂದಿ ಪೃಚ್ಛಕರು ಅವಧಾನಿಯನ್ನು ಪ್ರಶ್ನಿಸುತ್ತಾರೆ. ಒಬ್ಬರು ವಿಚಿತ್ರವಾದ ಸಮಸ್ಯೆಯನ್ನು ಕೊಟ್ಟು ಪದ್ಯವನ್ನು ಪೂರ್ತಿಮಾಡಿ ಎನ್ನುತ್ತಾರೆ; ಇನ್ನೊಬ್ಬರು ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಅದನ್ನೇ ನಿಷೇಧಿಸುತ್ತಾರೆ; ಮತ್ತೊಬ್ಬರು ನಡುನಡುವೆ ಅಪ್ರಸ್ತುತವಾದ ಮಾತುಗಳನ್ನೆತ್ತಿ ಅವಧಾನಿಯ ಮನಸ್ಸನ್ನು ಕದಡಲು ಯತ್ನಿಸುತ್ತಾರೆ. ಪ್ರತಿಯೊಂದು ಸುತ್ತಿನಲ್ಲಿಯೂ ಒಂದೊಂದು ಪಾದದಂತೆ ಪದ್ಯಗಳು ಬೆಳೆಯುತ್ತವೆ. ಅವಧಾನಿಯು ಕಾಗದವನ್ನಾಗಲಿ ಲೇಖನಿಯನ್ನಾಗಲಿ ಮುಟ್ಟುವಂತಿಲ್ಲ. ಕೊನೆಯಲ್ಲಿ ಎಲ್ಲ ಪದ್ಯಗಳನ್ನೂ ತಪ್ಪದೆ ಒಪ್ಪಿಸಬೇಕು, ಇದನ್ನೇ ಧಾರಣವೆನ್ನುವರು. ಇಂಜಿನಿಯರಿಂಗ್ ಪದವೀಧರರಾದ ಶತಾವಧಾನಿ ಆರ್. ಗಣೇಶ್ ಅವರು ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ನಡೆಸಿ ಕನ್ನಡದಲ್ಲಿ ಈ ಕಲೆಗೆ ಮರುಹುಟ್ಟು ನೀಡಿದರು. 2012ರಲ್ಲಿ ಅವರು ಬೆಂಗಳೂರಿನಲ್ಲಿ ಮೂರು ದಿನಗಳ ಕಾಲ, ನೂರು ಮಂದಿ ಪೃಚ್ಛಕರನ್ನು ಎದುರಿಸಿ ಶತಾವಧಾನವನ್ನು ನಡೆಸಿದರು.

ಈ ಕಲೆಯ ಹೆಸರು ಗಮನಾರ್ಹವಾದುದು. ಅವಧಾನವೆಂದರೆ ಎಚ್ಚರದಿಂದ ಕೂಡಿದ ಏಕಾಗ್ರತೆ. ನೆನಪಿನ ಪರಾಕಾಷ್ಠೆಯೆಂದು ಜನರು ಬೆರಗಾಗುವ ವಿದ್ಯೆಗೆ ಪ್ರಾಚೀನರು ಏಕಾಗ್ರತೆಯ ಹೆಸರನ್ನಿಟ್ಟರು. ಮನಸ್ಸಿಟ್ಟು ಕೇಳಿದ್ದು ಉಳಿಯುತ್ತದೆ. ಮನಸ್ಸಿಲ್ಲದೆ ಕೇಳಿದ್ದು ಕಿವಿಯಲ್ಲಿಯೇ ಕರಗುತ್ತದೆ. ಆದುದರಿಂದ ನೆನಪನ್ನು ಭಂಡಾರವೆಂದು ಕರೆದರೆ ಅರ್ಧ ಮಾತು ಮಾತ್ರ ಹೇಳಿದಂತಾಯಿತು. ಅದು ಮನಸ್ಸು ಮಾಡುವ ಒಂದು ಕೆಲಸ. ಬೇಕಾದುದನ್ನು ಆರಿಸಿ, ಬೇಡವಾದುದನ್ನು ಬಿಟ್ಟು, ಹಳೆಯದರೊಡನೆ ಹೊಸದನ್ನು ಹೆಣೆಯುವ ಕೆಲಸ.

ಆಧುನಿಕ ವಿಜ್ಞಾನವೂ ಈ ಮಾತಿನ ಸಮೀಪಕ್ಕೆ ಬಂದಿದೆ. ಅಮೆರಿಕದ ವೇಕ್ ಫಾರೆಸ್ಟ್ ವೈದ್ಯಕೀಯ ಕೇಂದ್ರದ ರಾಬರ್ಟ್ ಹ್ಯಾಂಪ್ಸನ್, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಥಿಯೋಡರ್ ಬರ್ಗರ್ ಮೊದಲಾದ ವಿಜ್ಞಾನಿಗಳು 2018ರಲ್ಲಿ ಒಂದು ಸಂಶೋಧನೆಯನ್ನು ಪ್ರಕಟಿಸಿದರು. ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನೊಳಗೆ ಸೂಕ್ಷ್ಮವಾದ ತಂತಿಗಳನ್ನು ಇರಿಸಿಕೊಂಡಿದ್ದ 8 ಮಂದಿ ರೋಗಿಗಳು ಅದರಲ್ಲಿ ಸ್ವಇಚ್ಛೆಯಿಂದ ಭಾಗವಹಿಸಿದ್ದರು. ನೆನಪುಗಳು ರೂಪುಗೊಳ್ಳಲು ಅವಶ್ಯಕವಾದ ಹಿಪೊಕ್ಯಾಂಪಸ್ ಎಂಬ ಭಾಗ ಮಿದುಳಿನಲ್ಲಿದೆ. ರೋಗಿಯು ಒಂದು ಚಿತ್ರವನ್ನು ಸರಿಯಾಗಿ ನೆನಪಿಟ್ಟಾಗ ಅಲ್ಲಿ ಯಾವ ಬಗೆಯ ವಿದ್ಯುತ್ ಸಂಚಾರ ನಡೆಯುತ್ತದೆಂಬುದನ್ನು ಗಣಕಯಂತ್ರ ಗುರುತಿಸಿತು. ಅನಂತರ ಅದೇ ಬಗೆಯ ಸೂಕ್ಷ್ಮ ವಿದ್ಯುತ್ತನ್ನು ಅದೇ ಭಾಗಕ್ಕೆ ಹರಿಸಿತು. ಅಂದಂದಿನ ಸಂಗತಿಗಳನ್ನು ನೆನಪಿಡುವ ಶಕ್ತಿ ಒಂದು ಪರೀಕ್ಷೆಯಲ್ಲಿ ಶೇಕಡಾ 37ರಷ್ಟು, ಇನ್ನೊಂದರಲ್ಲಿ ಶೇಕಡಾ 35ರಷ್ಟು ಹೆಚ್ಚಿತು.

ಅದೇ ವರ್ಷ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೈಕೇಲ್ ಕಹಾನಾ ಮತ್ತು ಅವರ ಸಂಗಡಿಗರು 25 ಮಂದಿ ರೋಗಿಗಳೊಡನೆ ನಡೆಸಿದ ಪ್ರಯೋಗವೂ ಬೆಳಕಿಗೆ ಬಂದಿತು. ರೋಗಿಯು ಪದಗಳ ಪಟ್ಟಿಯನ್ನು ಕಲಿಯುತ್ತಿರುವಾಗ ಯಂತ್ರವು ಅವನ ಮಿದುಳನ್ನು ಗಮನಿಸುತ್ತಿರುತ್ತದೆ; ಪದವು ಮನಸ್ಸಿನಲ್ಲಿ ನಿಲ್ಲಲಾರದೆಂದು ತೋರಿದ ಕ್ಷಣದಲ್ಲಿ ಮಾತ್ರ ವಿದ್ಯುತ್ತನ್ನು ಹರಿಸುತ್ತದೆ. ಪದಗಳನ್ನು ಜ್ಞಾಪಿಸಿಕೊಳ್ಳುವ ಸಾಮರ್ಥ್ಯ ಶೇಕಡಾ 15ರಷ್ಟು ಹೆಚ್ಚಿತು. ಎರಡು ಪ್ರಯೋಗಗಳಲ್ಲಿಯೂ ಯಂತ್ರವು ಯಾವ ನೆನಪನ್ನೂ ಹೊರಗಿನಿಂದ ತಂದು ತುಂಬಲಿಲ್ಲ. ನೆನಪಿಡುವ ಕೆಲಸವನ್ನು ರೋಗಿಯ ಮಿದುಳೇ ಮಾಡಿತು. ಯಂತ್ರವು ಅದಕ್ಕೆ ಕೈಯಾಸರೆಯಾಯಿತು.

ಈ ಆಸರೆ ಎಷ್ಟು ಅಮೂಲ್ಯವಾದುದೆಂಬುದು ಮರೆವಿನ ಕಾಯಿಲೆಯನ್ನು ಕಂಡ ಮನೆಗಳಿಗೆ ಗೊತ್ತು. ಮುಪ್ಪಿನಲ್ಲಿ ತಾಯಿಯೊಬ್ಬಳು ತಾನು ಹೆತ್ತ ಮಗನನ್ನೇ ಯಾರೆಂದು ಕೇಳುವುದಕ್ಕಿಂತ ಹೆಚ್ಚಿನ ದುಃಖ ಆ ಮನೆಗೆ ಮತ್ತಾವುದಿದೆ? ಮಲ್ಲೇಶ್ವರದ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದವರನ್ನು ಮತ್ತೆಮತ್ತೆ ಪರೀಕ್ಷಿಸಿ, ಈ ಕಾಯಿಲೆ ಹೇಗೆ ತಲೆದೋರುತ್ತದೆಂಬುದನ್ನು ಅಲ್ಲಿನ ವಿಜ್ಞಾನಿಗಳು ಅರಸುತ್ತಿದ್ದಾರೆ. ಕಳೆದುಹೋಗುತ್ತಿರುವ ನೆನಪನ್ನು ಹಿಡಿದು ನಿಲ್ಲಿಸಬಲ್ಲ ಯಂತ್ರವೊಂದು ಸಿದ್ಧವಾದರೆ ಅದನ್ನು ಬೇಡವೆನ್ನುವುದು ಅವಿವೇಕ. ಕುರುಡನ ಕೈಕೋಲನ್ನು ಯಾರೂ ಆಕ್ಷೇಪಿಸುವುದಿಲ್ಲ.

ಆದರೆ ಕಣ್ಣುಳ್ಳವನಿಗೂ ಆ ಕೋಲು ಬೇಕೆ? ಇಲ್ಲಿ ಒಂದು ವಾದವನ್ನು ಎದುರಿಸಬೇಕಾಗುತ್ತದೆ. ತಾಳೆಗರಿ ಬಂದಾಗ, ಮುದ್ರಣ ಬಂದಾಗ ನೆನಪು ಕುಂದುತ್ತದೆಂದು ಹೆದರಿದವರಿರಬಹುದು. ಆದರೂ ಪುಸ್ತಕದಿಂದ ಲೋಕಕ್ಕೆ ಒಳಿತೇ ಆಯಿತಲ್ಲವೇ ಎಂದು ಕೆಲವರು ಕೇಳುವರು. ಈ ವಾದದಲ್ಲಿ ಹುರುಳಿದೆ. ಕಂಠಪಾಠದ ಕಾಲದಲ್ಲಿ ವಿದ್ಯೆ ಕೆಲವೇ ಕುಲಗಳ, ಕೆಲವೇ ಮನೆಗಳ ಸೊತ್ತಾಗಿತ್ತು. ಹೆಂಗಸರನ್ನೂ ದುಡಿಯುವ ಜನರನ್ನೂ ಅದು ಹೊರಗಿಟ್ಟಿತ್ತು. ಆ ಗೋಡೆಯನ್ನು ಒಡೆಯುವುದಕ್ಕೆ ಅಚ್ಚಿನ ಪುಸ್ತಕ ಬಹಳ ನೆರವಾಯಿತು. ಆದರೆ ಪುಸ್ತಕವು ಓದುಗನ ಹೊರಗಿದೆ. ಬೇಕಾದಾಗ ಅದನ್ನು ತೆರೆಯಬಹುದು, ಬೇಡವಾದಾಗ ಮುಚ್ಚಬಹುದು. ಅದರೊಡನೆ ಜಗಳವನ್ನೂ ಆಡಬಹುದು. ಮಿದುಳಿನೊಳಗೆ ಕುಳಿತ ಯಂತ್ರವಾದರೋ ಮನುಷ್ಯನು ಒಪ್ಪುವ ಅಥವಾ ನಿರಾಕರಿಸುವ ಮೊದಲೇ ಕೆಲಸ ಮಾಡಬಲ್ಲದು. ಯಾವುದು ನಿಲ್ಲಬೇಕು, ಯಾವುದು ಅಳಿಯಬೇಕು ಎಂಬ ಆಯ್ಕೆಯೇ ಕೈತಪ್ಪಿದರೆ ಉಳಿದ ನೆನಪು ಯಾರದು?

ಇದು ಬರಿಯ ಕಲ್ಪನೆಯ ಭಯವಲ್ಲ. ಆರೋಪಿಯ ತಲೆಗೆ ತಂತಿಗಳನ್ನು ಜೋಡಿಸಿ, ಅಪರಾಧಕ್ಕೆ ಸಂಬಂಧಿಸಿದ ಮಾತು ಅಥವಾ ಚಿತ್ರಗಳನ್ನು ಮುಂದಿಟ್ಟು, ಅವನ ಮಿದುಳಿನಲ್ಲಿ ಆ ಘಟನೆಯ ಪರಿಚಯವಿದೆಯೇ ಎಂದು ಶೋಧಿಸುವ ಪರೀಕ್ಷೆಗಳು ಭಾರತದಲ್ಲಿ ನಡೆದಿವೆ. ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು ಈ ಬಗ್ಗೆ ತೀರ್ಪಿತ್ತಿತು. ಒಪ್ಪಿಗೆಯಿಲ್ಲದೆ ಯಾರನ್ನೂ ಇಂತಹ ಪರೀಕ್ಷೆಗೆ ಗುರಿಪಡಿಸಕೂಡದು. ಅದು ಸಂವಿಧಾನವು ನೀಡಿದ ವ್ಯಕ್ತಿಸ್ವಾತಂತ್ರ್ಯಕ್ಕೂ, ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯದಿರುವ ಹಕ್ಕಿಗೂ ವಿರುದ್ಧವೆಂದು ನ್ಯಾಯಾಲಯ ಸಾರಿತು. ತಲೆಯ ಮೇಲೆ ಜೋಡಿಸಿದ ತಂತಿಗೇ ಇಷ್ಟು ಎಚ್ಚರ ಬೇಕಾದರೆ, ತಲೆಯೊಳಗೆ ಇರಿಸಿದ ತಂತಿಗೆ ಎಷ್ಟು ಎಚ್ಚರ ಬೇಕೆಂಬುದನ್ನು ಊಹಿಸಬಹುದು. ಸರ್ಕಾರಕ್ಕೆ ಅನ್ವಯಿಸಿದ ಈ ನೀತಿ ಯಂತ್ರವನ್ನು ತಯಾರಿಸಿ ಮಾರುವವರಿಗೂ ಅನ್ವಯಿಸತಕ್ಕದ್ದು.

ಆದುದರಿಂದ ಈ ವಿದ್ಯೆ ಮೊದಲು ರೋಗಿಗಳ ಸೇವೆಗೆ ಮೀಸಲಾಗಲಿ. ಬಡವನ ಮನೆಯ ಮುದುಕಿಗೂ ಅದು ದೊರೆಯುವಂತಾಗಲಿ. ಯಂತ್ರವನ್ನು ಧರಿಸಿದವನ ಒಪ್ಪಿಗೆಯಿಲ್ಲದೆ ಅದರೊಳಗಿನದನ್ನು ಯಾರೂ ಓದದಿರಲಿ. ಅದನ್ನು ನಿಲ್ಲಿಸುವ ಗುಂಡಿ ಅವನ ಕೈಯಲ್ಲಿಯೇ ಇರಲಿ. ಆರೋಗ್ಯವಂತರಾದ ಎಳೆಯರಿಗಾದರೋ ಬೇರೆಯ ಸಾಧನ ಬೇಕಿಲ್ಲ. ಒಂದು ಪದ್ಯವನ್ನು ಮನಸ್ಸಿಟ್ಟು ಓದಿ, ಪುಸ್ತಕ ಮುಚ್ಚಿ, ತಡವರಿಸಿದಲ್ಲಿ ಮತ್ತೆ ತೆರೆದು ನೋಡುವ ಹಳೆಯ ಅಭ್ಯಾಸ ಅವರಿಗೆ ಸಾಕು. ಹೀಗೆ ಸಂಪಾದಿಸಿದ ನೆನಪಿನಲ್ಲಿ ಪದ್ಯದ ಜೊತೆಗೆ ಅದನ್ನು ಕಲಿತ ದಿನವೂ, ಕಲಿಸಿದವರ ಧ್ವನಿಯೂ ಉಳಿದಿರುತ್ತವೆ.

ಅವಧಾನದ ಕೊನೆಗೆ ಧಾರಣದ ಗಳಿಗೆ ಬಂದಾಗ ಸಭೆ ನಿಶ್ಶಬ್ದವಾಗುತ್ತದೆ. ಪೃಚ್ಛಕರು ಕೊಟ್ಟ ತೊಡಕುಗಳನ್ನೆಲ್ಲ ದಾಟಿ, ಪದ್ಯಗಳು ಒಂದೊಂದಾಗಿ ಅವಧಾನಿಯ ಬಾಯಿಂದ ಹೊರಬರುತ್ತವೆ. ಆಗ ಸಭಿಕರು ಚಪ್ಪಾಳೆ ತಟ್ಟುವುದು ಒಬ್ಬ ಮನುಷ್ಯನ ಎಚ್ಚರಕ್ಕೆ. ಆ ಎಚ್ಚರವನ್ನು ಕಾಪಾಡಿಕೊಂಡವರ ಕೈಯಲ್ಲಿ ಯಂತ್ರವು ಒಳ್ಳೆಯ ಸೇವಕನಾಗಿ ಉಳಿದೀತು.