ಕಣ್ಣಿನ ಪೊರೆ ಮತ್ತು ಮಾತ್ರೆಯ ಭರವಸೆ

ಚಾರ್ಮಾಡಿ ಘಾಟಿಯ ಬುಡದ ಊರುಗಳಲ್ಲಿ, ಅಡಿಕೆ ತೋಟದಲ್ಲಿ ದುಡಿದು ಅರುವತ್ತು ದಾಟಿದವರ ಕಣ್ಣು ಮಂಜಾದರೆ ಎರಡು ಸಲಹೆ ಬರುತ್ತವೆ. ‘ಆ್ಯಂಟಿಆಕ್ಸಿಡೆಂಟ್ ಮಾತ್ರೆ ತಗೊಳ್ಳಿ’ ಎಂಬುದು ಒಂದು, ‘ಪೊರೆ ಇನ್ನೂ ಬಲಿಯಲಿ’ ಎಂಬುದು ಇನ್ನೊಂದು. ಎರಡೂ ಕಾಳಜಿಯ ಮಾತುಗಳೇ. ಆದರೂ ಎರಡನ್ನೂ ನಾನು ಒಪ್ಪಲಾರೆ.

ಮಾತ್ರೆಯ ಹಿಂದಿನ ತರ್ಕ ಪೊಳ್ಳಲ್ಲ. ಕಣ್ಣಿನ ಮಸೂರಕ್ಕೆ ರಕ್ತನಾಳಗಳಿಲ್ಲ. ಅದರ ನಡುಭಾಗದ ಪ್ರೋಟೀನು ನಾವು ಹುಟ್ಟುವ ಮೊದಲೇ ತಯಾರಾದದ್ದು, ಸಾಯುವವರೆಗೂ ಹೊಸದಾಗುವುದಿಲ್ಲ. ವರ್ಷಗಟ್ಟಲೆ ಬಿಸಿಲು, ಹೊಗೆ, ರಕ್ತದ ಸಕ್ಕರೆಯ ಪೆಟ್ಟು ತಿಂದು ಅದು ಗಂಟುಗಟ್ಟುತ್ತದೆ, ಬೆಳಕು ಚದುರುತ್ತದೆ. ಇದನ್ನು ತಡೆಯುವ ಗ್ಲುಟಥಯೋನ್ ಎಂಬ ಆ್ಯಂಟಿಆಕ್ಸಿಡೆಂಟ್ ಮಸೂರದಲ್ಲೇ ಇದೆ, ಆದರೆ ವಯಸ್ಸಾದಂತೆ ಇಳಿಯುತ್ತದೆ. ಹಾಗಾದರೆ ಹೊರಗಿನಿಂದ ತುಂಬೋಣ ಎಂದು ಯಾರಿಗಾದರೂ ಅನಿಸೀತು.

ತುಂಬಿ ನೋಡಿದ್ದಾರೆ. ದಕ್ಷಿಣ ಭಾರತದಲ್ಲೇ 798 ಮಂದಿಯನ್ನು ಸೇರಿಸಿಕೊಂಡು, ಕೆಲವರಿಗೆ ಬೀಟಾ ಕ್ಯಾರೋಟಿನ್, ಸಿ ಮತ್ತು ಇ ವಿಟಮಿನ್, ಉಳಿದವರಿಗೆ ಹುಸಿಮಾತ್ರೆ ಕೊಟ್ಟು ಐದು ವರ್ಷ ಗಮನಿಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಪೊರೆ ಬೆಳೆಯುವ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯೂ 2001ರಲ್ಲಿ ಅದನ್ನೇ ಹೇಳಿತ್ತು.

‘ರಕ್ತದಲ್ಲಿ ಸಿ ವಿಟಮಿನ್ ಹೆಚ್ಚಿದ್ದವರಲ್ಲಿ ಪೊರೆ ಕಡಿಮೆ ಅಲ್ಲವೇ?’ ಎಂದು ಕೇಳುವವರಿದ್ದಾರೆ. ಭಾರತದ ಹಿರಿಯರಲ್ಲಿ ಹಾಗೆ ಕಂಡದ್ದು ನಿಜ. ಆದರೆ ದಿನವೂ ಹಣ್ಣು, ಸೊಪ್ಪು ತಿನ್ನುವ ಮನೆಯಲ್ಲಿ ಒಲೆಯ ಹೊಗೆ, ಬಿಸಿಲಿನ ಕೂಲಿ ಕಡಿಮೆ ಇರಬಹುದು. ಕಣ್ಣು ಉಳಿಸಿದ್ದು ಯಾವುದೆಂದು ಹೇಳುವುದು ಹೇಗೆ? ಚೀನಾದ ಲಿನ್‌ಶಿಯನ್ನಿನಲ್ಲಿ ಪೋಷಕಾಂಶದ ಕೊರತೆಯಿದ್ದ ವೃದ್ಧರಿಗೆ ಮಾತ್ರೆಯಿಂದ ಒಂದಿಷ್ಟು ಲಾಭವಾದದ್ದೂ ಉಂಟು. ಅದು ಕೊರತೆ ನೀಗಿಸಿದ ಲಾಭ. ಬಸಳೆ, ಹರಿವೆ, ನೆಲ್ಲಿಕಾಯಿ ಇಡೀ ಮೈಗೆ ಒಳ್ಳೆಯವು, ಧಾರಾಳವಾಗಿ ತಿನ್ನಿ. ಉಂಡುಟ್ಟು ಸುಖವಾಗಿರುವವರು ಅದರ ಮೇಲೆ ಡಬ್ಬಿ ಮಾತ್ರೆ ನುಂಗಿದರೆ ಪೊರೆ ನಿಲ್ಲುತ್ತದೆ ಎನ್ನಲು ಆಧಾರ ಸಾಲದು. ಬೀಡಿ ಸೇದುವವರಂತೂ ಬೀಟಾ ಕ್ಯಾರೋಟಿನ್ ಮಾತ್ರೆಯ ಹತ್ತಿರ ಹೋಗಬಾರದು. ಫಿನ್ಲೆಂಡಿನ ಧೂಮಪಾನಿಗಳಲ್ಲಿ ಅದು ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸಿತೆಂದು 1994ರಲ್ಲೇ ಗೊತ್ತಾಗಿದೆ.

ನಮ್ಮ ಕೈಯಲ್ಲಿರುವುದು ಬೇರೆ. ಬೀಡಿ ಬಿಡುವುದು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಡುವುದು, ವೈದ್ಯರು ಹೇಳದೆ ಸ್ಟೀರಾಯ್ಡ್ ಹನಿ ಹಾಕದಿರುವುದು. ಬಿಸಿಲಿಗೆ ಅಗಲ ಅಂಚಿನ ಟೋಪಿ ಬೇಕು. ಅಡಿಕೆ ಹಾಳೆಯ ಮುಟ್ಟಾಳೆ ತಲೆ ಕಾಯುತ್ತದೆ, ಕಣ್ಣಿಗೆ ನೆರಳಾಗುವುದಿಲ್ಲ.

ಇಷ್ಟು ಮಾಡಿದರೂ ಪೊರೆ ಬರಬಹುದು. ಬಂದ ಪೊರೆಯನ್ನು ಕರಗಿಸುವ ಮಾತ್ರೆಯಿಲ್ಲ, ಶಸ್ತ್ರಚಿಕಿತ್ಸೆಯೇ ದಾರಿ. ‘ಬಲಿಯಲಿ’ ಎಂಬುದು ಹಳೆಯ ವಿಧಾನದ ಕಾಲದ ಮಾತು. ಇಂದಿನ ವಿಧಾನದಲ್ಲಿ ಬಲಿತು ಗಟ್ಟಿಯಾದ ಪೊರೆ ತೆಗೆಯುವುದೇ ಹೆಚ್ಚು ಕಷ್ಟ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೇ ಇದೆ, ಅದರಡಿ ಉಚಿತ ಚಿಕಿತ್ಸೆಯೂ ಇದೆ. ಕೆಲಸಕ್ಕೆ, ನಡೆದಾಟಕ್ಕೆ ದೃಷ್ಟಿ ತೊಡಕಾಯಿತೆಂದರೆ ಮಾತ್ರೆಗೆಂದು ಎತ್ತಿಟ್ಟ ದುಡ್ಡಿನಲ್ಲಿ ಬಸ್ಸು ಹತ್ತಿ, ಕಣ್ಣಿನ ವೈದ್ಯರಿಗೆ ತೋರಿಸಿ ಬನ್ನಿ.