ಮೊದಲು ಕೆಲಸ ಮಾಡಿಸಿ ನೋಡಿ

ಪೀಣ್ಯದ ಮೆಷಿನ್ ಶಾಪ್‌ಗಳ ಹಾಜರಿ ಪುಸ್ತಕದಲ್ಲಿ ‘ಹೆಲ್ಪರ್’ ಎಂದು ಬರೆಸಿಕೊಂಡಿರುವ ಎಷ್ಟೋ ಜನ ಹೆಲ್ಪರ್‌ಗಳಲ್ಲ. ಡ್ರಾಯಿಂಗ್ ಓದುತ್ತಾರೆ, ಸಿಎನ್‌ಸಿ ಲೇತ್‌ಗೆ ಜಾಬ್ ಕಟ್ಟುತ್ತಾರೆ, ಇನ್ಸರ್ಟ್ ಸವೆದಿರುವುದನ್ನು ಸದ್ದಿನಲ್ಲೇ ಹಿಡಿಯುತ್ತಾರೆ, ಮೈಕ್ರೋಮೀಟರಿನಲ್ಲಿ ಅಳತೆ ನೋಡಿ ಆಫ್‌ಸೆಟ್ ಬದಲಿಸುತ್ತಾರೆ. ಸೆಟ್ಟರ್ ರಜೆ ಹಾಕಿದ ದಿನ ಮೆಷಿನ್ ನಿಲ್ಲದೆ ಓಡುವುದು ಇವರಿಂದಲೇ. ಆದರೂ ಸಂಬಳದ ದಿನ ಇವರು ಹೆಲ್ಪರ್. ಐಟಿಐ ಸರ್ಟಿಫಿಕೇಟ್ ಇಲ್ಲ, ಅಷ್ಟೇ ಕಾರಣ.

ಸಾಫ್ಟ್‌ವೇರ್ ಕಡೆ ಬಂದರೆ ‘ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಶೇ 60’, ‘ಬ್ಯಾಕ್‌ಲಾಗ್ ಇರಬಾರದು’, ‘ಓದಿನಲ್ಲಿ ಗ್ಯಾಪ್ ಇರಬಾರದು’ ಎಂಬ ಷರತ್ತುಗಳು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನವೇ ಭೌತಶಾಸ್ತ್ರ, ಗಣಿತ ಎಲ್ಲ ಇಂಗ್ಲಿಷಿಗೆ ತಿರುಗುತ್ತವೆ. ಆ ಎರಡು ವರ್ಷ ಅವಳು ಮುಗ್ಗರಿಸುತ್ತಾಳೆ, ಶೇ 56 ಬರುತ್ತದೆ. ಆಮೇಲೆ ಎಂಜಿನಿಯರಿಂಗ್‌ನಲ್ಲಿ ಅವಳು ಎಷ್ಟೇ ಚೆನ್ನಾಗಿ ಕೋಡ್ ಬರೆದರೂ, ಆ ಷರತ್ತು ಇರುವ ಕಡೆ ಆ ಕೋಡನ್ನು ಯಾರೂ ತೆರೆದು ನೋಡುವುದಿಲ್ಲ. ಹದಿನೇಳನೇ ವಯಸ್ಸಿನ ಅಂಕ ಬಾಗಿಲಲ್ಲೇ ತಡೆಯುತ್ತದೆ.

ಇದು ನಿಲ್ಲಬೇಕು. ಸಣ್ಣ ಕಾರ್ಖಾನೆ ನಡೆಸುವವರು, ಎಚ್‌ಆರ್ ವಿಭಾಗದಲ್ಲಿ ಇರುವವರು, ಐಟಿಐ ಮೇಷ್ಟ್ರುಗಳು, ಲೇತ್ ಮುಂದೆ ನಿಲ್ಲುವವರು, ಕೋಡ್ ಬರೆಯುವವರು ಸೇರಿ ನಾವು ಈ ಚಳವಳಿ ಆರಂಭಿಸುತ್ತಿದ್ದೇವೆ. ಕೆಲಸ ಕೇಳಿಕೊಂಡು ಬಂದವರ ಮುಂದೆ ಆ ಕೆಲಸವನ್ನೇ ಇಡಿ. ಮಾಡಿ ತೋರಿಸಿದ್ದನ್ನು ನೋಡಿ ಆರಿಸಿ. ಅದಕ್ಕೆ ತಕ್ಕ ಹುದ್ದೆ ಕೊಡಿ, ಸಂಬಳ ಕೊಡಿ, ಮುಂದಿನದನ್ನು ಕಲಿಸಿ. ನಾವು ಕೇಳುವುದು ಇದನ್ನೇ.

ನಮ್ಮ ನಾಡಿಗೆ ಇದು ಹೊಸದಲ್ಲ. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸಕ್ಕೆ ಬಂದ ಹೆಣ್ಣುಮಗಳನ್ನು ಮೆಷಿನ್ ಮೇಲೆ ಕೂರಿಸಿ, ಬಟ್ಟೆಯ ತುಂಡು ಕೊಟ್ಟು, ಹೊಲಿಗೆ ನೇರವಾಗಿದೆಯೇ, ಕಾಲರ್ ಮೂಲೆ ಸರಿಯಾಗಿ ತಿರುಗಿದೆಯೇ ಎಂದು ನೋಡುತ್ತಾರೆ. ಕೆಎಸ್‌ಆರ್‌ಟಿಸಿ ಚಾಲಕರ ಆಯ್ಕೆಯಲ್ಲಿ ಬಸ್ಸು ಓಡಿಸಿಯೇ ತೋರಿಸಬೇಕು. ಕೆಳಗಿನ ಕೆಲಸಕ್ಕೆ ಕೈ ನೋಡುತ್ತೇವೆ, ಮೇಲಿನ ಕೆಲಸಕ್ಕೆ ಕಾಗದ ನೋಡುತ್ತೇವೆ! ಹತ್ತು ವರ್ಷ ಹೊಲಿದ ಅದೇ ಹೆಣ್ಣುಮಗಳು ಇಡೀ ಲೈನಿನ ಲೆಕ್ಕಾಚಾರ ಬಲ್ಲಳು, ಯಾವ ಆಪರೇಷನ್‌ನಲ್ಲಿ ಪೀಸ್ ತಡೆಯುತ್ತದೆ ಎಂದು ನಿಂತಲ್ಲೇ ಹೇಳಬಲ್ಲಳು. ಆದರೆ ಸೂಪರ್‌ವೈಸರ್ ಹುದ್ದೆ ಖಾಲಿಯಾದಾಗ ಹೊರಗಿನಿಂದ ಪದವಿ ಓದಿದ ಹುಡುಗ ಬರುತ್ತಾನೆ.

ಪದವಿಯ ಈ ಜರಡಿ ಯಾರನ್ನು ಹೊರಗಿಡುತ್ತದೆ ಎಂಬುದನ್ನು 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗ್ರಿಗ್ಸ್ ಮತ್ತು ಡ್ಯೂಕ್ ಪವರ್ ಪ್ರಕರಣದಲ್ಲಿ ಗಮನಿಸಿತು. ನಾರ್ತ್ ಕೆರೊಲಿನಾದ ಆ ವಿದ್ಯುತ್ ಕಂಪನಿಯಲ್ಲಿ ಕೂಲಿ ವಿಭಾಗದಿಂದ ಮೇಲೆ ಹೋಗಲು ಹೈಸ್ಕೂಲು ಮುಗಿಸಿರಬೇಕಿತ್ತು. ಆ ನಿಯಮಕ್ಕೂ ಮುಂಚೆ ಸೇರಿದ, ಹೈಸ್ಕೂಲು ಮುಗಿಸದ ಬಿಳಿಯರು ಅದೇ ಕೆಲಸಗಳನ್ನು ಚೆನ್ನಾಗಿಯೇ ಮಾಡಿಕೊಂಡಿದ್ದರು; ಹೊರಗೆ ಉಳಿದವರು ಕಪ್ಪು ಜನ. ಕೆಲಸಕ್ಕೆ ಸಂಬಂಧವಿಲ್ಲದ ಅರ್ಹತೆ ಹೀಗೆ ಜನರನ್ನು ಹೊರಗಿಟ್ಟರೆ, ಕೇಳುವವರ ಉದ್ದೇಶ ಏನೇ ಇರಲಿ, ಅದು ಸಲ್ಲದು ಎಂದಿತು ಕೋರ್ಟ್. ನಮ್ಮಲ್ಲಿ ಶೇ 60ರ ಗೆರೆಯ ಆಚೆ ಉಳಿಯುವವರು ಯಾವ ಊರಿನವರು, ಯಾವ ಮನೆಯವರು ಎಂದು ಪ್ರತಿ ಕಂಪನಿಯೂ ತನ್ನ ಅರ್ಜಿಗಳನ್ನು ತೆಗೆದು ನೋಡಲಿ.

ಪರೀಕ್ಷೆ ಹೇಗಿರಬೇಕು ಎಂಬುದರಲ್ಲಿ ನಾವು ಹಟ ಹಿಡಿಯುತ್ತೇವೆ. ಕೆಟ್ಟ ಪರೀಕ್ಷೆ ಅಂಕಪಟ್ಟಿಗಿಂತ ಹೆಚ್ಚು ಅನ್ಯಾಯ ಮಾಡಬಲ್ಲದು. ಟರ್ನರ್ ಬೇಕಿದ್ದರೆ ಎಲ್ಲರಿಗೂ ಒಂದೇ ಡ್ರಾಯಿಂಗ್, ಒಂದೇ ಉದ್ದದ ಸರಳು, ಒಂದೇ ಸಮಯ. ಅಳತೆ ಎಷ್ಟು ತಪ್ಪಿದರೆ ಎಷ್ಟು ಅಂಕ ಹೋಗುತ್ತದೆ ಎಂಬುದು ಮೊದಲೇ ಬರೆದಿರಬೇಕು. ಅಳೆಯುವವರಿಗೆ ಜಾಬ್ ಮೇಲಿನ ನಂಬರ್ ಮಾತ್ರ ಕಾಣಬೇಕು. ಹೆಸರು, ಊರು, ಜಾತಿ ಕಾಣಬಾರದು. ಸೂಚನೆ ಕನ್ನಡದಲ್ಲೂ ಇರಬೇಕು. ಇಂಗ್ಲಿಷ್ ಬೇಕಾದ ಕೆಲಸಕ್ಕೆ ಇಂಗ್ಲಿಷನ್ನು ಪರೀಕ್ಷಿಸಲಿ, ಬೇಡದ ಕಡೆ ‘ಕಮ್ಯುನಿಕೇಶನ್’ ಎಂಬ ನೆಪ ಬೇಡ. ಒಂದೆರಡು ಗಂಟೆ ಮೀರಿದ ಪರೀಕ್ಷೆಗೆ ದಿನದ ಕೂಲಿ ಕೊಡಬೇಕು. ಪರೀಕ್ಷೆಯ ಹೆಸರಿನಲ್ಲಿ ಮಾಡಿಸಿಕೊಂಡ ಕೆಲಸವನ್ನು ಗ್ರಾಹಕರಿಗೆ ಮಾರುವವರನ್ನು ನಾವು ಜೊತೆಗೆ ಸೇರಿಸಿಕೊಳ್ಳುವುದಿಲ್ಲ.

ಓದಿಗೆ ಬೆಲೆ ಇಲ್ಲವೆಂದು ನಾವು ಹೇಳುತ್ತಿಲ್ಲ. ವೈದ್ಯರಿಗೆ ಪದವಿ ಬೇಕು, ವೈರ್‌ಮನ್‌ಗೆ ಪರವಾನಗಿ ಬೇಕು. ಅಲ್ಲಿ ತಪ್ಪಾದರೆ ಜೀವ ಹೋಗುತ್ತದೆ. ‘ಪ್ರತಿಭೆ’ಯ ಹೆಸರು ಹೇಳಿಕೊಂಡು ಮೀಸಲಾತಿಯನ್ನು ಹಳಿಯುವವರಿಗೂ ಇಲ್ಲಿ ಜಾಗವಿಲ್ಲ. ಬಾಗಿಲು ಅಗಲ ಮಾಡುವ ಕೆಲಸ ಮೀಸಲಾತಿ, ಈ ಚಳವಳಿ ಎರಡರದ್ದೂ.

ಇನ್ನು ಕಲಿಕೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಅವರ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ತೆಗೆದುಕೊಂಡು ಪ್ಯಾಕಿಂಗ್‌ಗೆ ನಿಲ್ಲಿಸಿ, ಸ್ಟೈಪೆಂಡ್ ಕೊಟ್ಟು ಕೂಲಿ ಉಳಿಸುವವರು ನಮ್ಮ ನಡುವೆಯೇ ಇದ್ದಾರೆ. ಇಲ್ಲಿಯೇ ಒಳ್ಳೆಯ ಮಾದರಿ ಇದೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಟೂಲ್‌ರೂಮ್, ಅಂದರೆ ಜಿಟಿಟಿಸಿ, ತನ್ನ ಟೂಲ್ ಅಂಡ್ ಡೈ ಡಿಪ್ಲೊಮಾದ ಕೊನೆಯ ವರ್ಷ ಮಕ್ಕಳನ್ನು ಕಾರ್ಖಾನೆಗೇ ಕಳಿಸುತ್ತದೆ. ಕಲಿಕೆ ಡ್ಯೂಟಿ ಸಮಯದಲ್ಲೇ ನಡೆಯಬೇಕು. ಮನೆಗೆ ಹೋಗಿ ಅಡುಗೆ ಮಾಡಿ ಮಕ್ಕಳನ್ನು ಮಲಗಿಸಬೇಕಾದವರಿಗೆ ‘ಸಂಜೆ ತರಬೇತಿ ಇದೆ, ಬನ್ನಿ’ ಎಂದರೆ ಬರಬೇಡಿ ಎಂದಂತೆಯೇ.

ಸರ್ಕಾರ 2013ರಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ತಂದಿತು. ದುಡಿಯುತ್ತಲೇ ಕಲಿತವರಿಗೆ ಪೂರ್ವ ಕಲಿಕೆಯ ಮಾನ್ಯತೆ ಕೊಡುವ ವ್ಯವಸ್ಥೆಯೂ ಇದೆ. ಕನಿಷ್ಠ ವೇತನ ಕೂಡ ಕೆಲಸವನ್ನು ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂದು ವಿಂಗಡಿಸುತ್ತದೆ. ದಾರಿ ಇದ್ದೂ ನಾವು ನಡೆಯುತ್ತಿಲ್ಲ. ಸರ್ಟಿಫಿಕೇಟ್ ಸಿಕ್ಕ ತಿಂಗಳೂ ಪೇ ಸ್ಲಿಪ್ಪಿನಲ್ಲಿ ಅದೇ ಮೊತ್ತ ಇದ್ದರೆ, ಆ ಕಾಗದ ಯಾತಕ್ಕೆ?

ಈ ಪ್ರಣಾಳಿಕೆಗೆ ಸಹಿ ಹಾಕುವ ಮಾಲೀಕರು ಮೂರು ತಿಂಗಳಲ್ಲಿ ಒಂದು ಕೆಲಸ ಮಾಡಬೇಕು: ತಮ್ಮ ಹಾಜರಿ ಪುಸ್ತಕದಲ್ಲಿರುವ ಪ್ರತಿ ಹೆಲ್ಪರ್‌ಗೂ, ಅವರು ಒಪ್ಪಿದರೆ, ಟ್ರೇಡ್ ಟೆಸ್ಟ್ ನಡೆಸಬೇಕು. ಅಳೆಯುವವರಲ್ಲಿ ಒಬ್ಬರು ಹೊರಗಿನವರಾಗಿರಬೇಕು, ಒಬ್ಬರನ್ನು ಕಾರ್ಮಿಕರೇ ಆರಿಸಬೇಕು. ಪಾಸಾಗದವರು ಏನು ಕಲಿಯಬೇಕೆಂದು ಬರೆದು ಕೊಟ್ಟು, ಕಲಿಸುವವರ ಹೆಸರನ್ನೂ ಅದರಲ್ಲೇ ನಮೂದಿಸಬೇಕು; ಯಾರ ಕೆಲಸವೂ ಹೋಗಬಾರದು. ಪಾಸಾದವರ ಹುದ್ದೆ ಅಂದೇ ಬದಲಾಗಬೇಕು, ಹೊಸ ಸಂಬಳ ಟೆಸ್ಟ್ ನಡೆದ ತಾರೀಖಿನಿಂದಲೇ ಲೆಕ್ಕ.