ಬಿಡ್ತು ಅನ್ನಿ, ಆದರೆ ವಿಲ್ ಬರೆದಿಡಿ



ಕಳೆದ ತಿಂಗಳು ಊರಿಗೆ ಫೋನ್ ಮಾಡಿದಾಗ "ವಿಲ್ ಮಾಡಿಸ್ತಾ ಇದೀನಮ್ಮ" ಅಂದೆ. "ಬಿಡ್ತು ಅನ್ನು! ಮೂವತ್ತಾರು ವರ್ಷಕ್ಕೆ ಯಾರಾದ್ರೂ ಉಯಿಲು ಬರೀತಾರಾ?" ಎಂದು ಬೈದು ಅಮ್ಮ ಫೋನನ್ನು ಅಪ್ಪನ ಕೈಗೆ ಕೊಟ್ಟರು. ಅಪ್ಪ ಕೇಳಿದ್ದು ಒಂದೇ: "ಆರೋಗ್ಯ ಸರಿ ಇದೆ ತಾನೆ?"

ಆರೋಗ್ಯ ಸರಿಯಿದೆ. ಆದರೆ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನನ್ನ ಸಹೋದ್ಯೋಗಿಯೊಬ್ಬರು ನಲವತ್ತು ತುಂಬುವ ಮುಂಚೆಯೇ ಹೃದಯಾಘಾತದಿಂದ ತೀರಿಕೊಂಡರು. ವಿಲ್ ಇರಲಿಲ್ಲ. ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಒಂದು ಸೈಟಿದೆ. ಅದಕ್ಕಾಗಿ ಅವರ ಹೆಂಡತಿ ಎರಡು ಸಲ ಊರಿಗೆ ಹೋಗಿ ಬಂದರೂ ಖಾತೆ ಇನ್ನೂ ಬದಲಾಗಿಲ್ಲ.

ನಮ್ಮ ಪಾಸ್‌ಪೋರ್ಟ್ ಯಾವ ದೇಶದ್ದೇ ಇರಲಿ, ಬೆಂಗಳೂರಿನ ಸೈಟಿಗೆ ಭಾರತದ ಕಾನೂನೇ. ಗಂಡನ ಆಸ್ತಿ ತಾನಾಗಿ ಹೆಂಡತಿಗೆ ಹೋಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದೇವೆ. ಹೋಗುವುದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ವಿಲ್ ಇಲ್ಲದೆ ಸತ್ತ ಗಂಡಸಿನ ಸ್ವಂತ ಸಂಪಾದನೆ ಹೆಂಡತಿ, ಮಕ್ಕಳು, ತಾಯಿ ಇವರಿಗೆ ಸಮಪಾಲು. (ತಂದೆ ಈ ಮೊದಲ ಸಾಲಿನಲ್ಲಿ ಇಲ್ಲ. ನನ್ನ ಅಪ್ಪನಿಗೆ ಇದನ್ನು ಹೇಳಿಲ್ಲ.) ಇಬ್ಬರು ಮಕ್ಕಳಿದ್ದು ತಾಯಿ ಬದುಕಿದ್ದರೆ ಹೆಂಡತಿಗೆ ಸಿಗುವುದು ಕಾಲು ಭಾಗ. ಮಕ್ಕಳು ಚಿಕ್ಕವರಾದರೆ ಅವರ ಪಾಲನ್ನು ಮಾರಲು ಕೋರ್ಟಿನ ಅನುಮತಿ ಬೇಕು. ಇನ್ನು ಎಲ್‌ಐಸಿ ಪಾಲಿಸಿಯಲ್ಲಿ ನಾಮಿನಿ ಹೆಸರು ಬರೆದಿದ್ದೇನಲ್ಲ ಎನ್ನುವವರಿಗೆ ಒಂದು ಮಾತು. ನಾಮಿನಿ ಹಣ ಪಡೆಯಬಹುದು, ಅಷ್ಟರಿಂದಲೇ ಅದರ ಒಡೆಯನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲೇ ಹೇಳಿತ್ತು.

ಹೆಂಗಸರ ವಿಷಯದಲ್ಲಂತೂ ಈ ಕಾಯ್ದೆ ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಗಂಡನೂ ಮಕ್ಕಳೂ ಇಲ್ಲದ ಹೆಣ್ಣುಮಗಳು ದುಡಿದು ಗಳಿಸಿದ ಆಸ್ತಿ, ವಿಲ್ ಇಲ್ಲದಿದ್ದರೆ, ಮೊದಲು ಹೋಗುವುದು ಗಂಡನ ವಾರಸುದಾರರಿಗೆ. ಅವಳ ಸ್ವಂತ ಅಪ್ಪ ಅಮ್ಮ ಅವರ ನಂತರ! ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು, ತವರಿನಲ್ಲಿದ್ದು ಓದಿ, ಕೆಲಸ ಮಾಡಿ ಒಬ್ಬಾಕೆ ಕೂಡಿಟ್ಟ ಹಣ ಗಂಡನ ಕಡೆಯವರಿಗೆ ಸೇರಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಬೆಂಗಳೂರಿನಲ್ಲಿ ತಮ್ಮ ಹೆಸರಿನಲ್ಲಿ ಫ್ಲಾಟ್ ಕೊಂಡಿರುವ ನಮ್ಮ ಅಕ್ಕತಂಗಿಯರು ದಯವಿಟ್ಟು ಇದನ್ನು ಗಮನಿಸಬೇಕು.

ಆಸ್ತಿಯ ಮಾತು ಹಾಗಿರಲಿ. ನಾನೂ ನನ್ನಾಕೆಯೂ ದಿನಾ ಒಂದೇ ಕಾರಿನಲ್ಲಿ ಆಫೀಸಿಗೆ ಹೋಗುತ್ತೇವೆ. ಇಬ್ಬರಿಗೂ ಏನಾದರೂ ಆದರೆ ಆರು ವರ್ಷದ ಮಗಳು ಯಾರ ಬಳಿ? ನಾವು ಯಾರ ಹೆಸರನ್ನೂ ಬರೆದಿಡದಿದ್ದರೆ, ನಮ್ಮನ್ನು ಎಂದೂ ನೋಡಿರದ ನ್ಯಾಯಾಧೀಶರು ನಮ್ಮ ಮನಸ್ಸಿನಲ್ಲೇನಿತ್ತು ಎಂದು ತಿಳಿಯದೆಯೇ ಪಾಲಕರನ್ನು ನೇಮಿಸಬೇಕು. ಹತ್ತಿರದಲ್ಲಿ ನೆಂಟರಿಲ್ಲದಿದ್ದರೆ ಅಲ್ಲಿಯವರೆಗೆ ಮಗು ಅಪರಿಚಿತರ ಮನೆಯಲ್ಲಿ ಇರಬೇಕಾಗಿ ಬಂದೀತು. ಅಜ್ಜಿ ತಾತ ಓಡಿ ಬಂದರೂ ಅವರ ಕೈಯಲ್ಲಿರುವುದು ವಿಸಿಟರ್ ವೀಸಾ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಇಲ್ಲಿಗೊಂದು, ಊರಿನ ಆಸ್ತಿಗೊಂದು, ಎರಡು ವಿಲ್ ಇದ್ದರೆ ಅನುಕೂಲ. ಆದರೆ "ಹಿಂದಿನ ಎಲ್ಲ ವಿಲ್‌ಗಳೂ ರದ್ದು" ಎಂಬ ಮಾಮೂಲಿ ಸಾಲು ಎರಡನೆಯದರಲ್ಲಿ ನುಸುಳಿದರೆ ಮೊದಲನೆಯದು ಹೋಯಿತು, ಎಚ್ಚರ. ಊರಿನ ವಿಲ್‌ಗೆ ಬೇಕಾದ್ದು ನಿಮ್ಮ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಛಾಪಾ ಕಾಗದ ಬೇಡ. ನೋಂದಣಿ ಮಾಡಿಸಿದರೆ ಒಳ್ಳೆಯದು, ಆದರೆ ಕಡ್ಡಾಯವಲ್ಲ. ಪಾಲು ಪಡೆಯುವವರನ್ನು ಸಾಕ್ಷಿ ಮಾಡಬೇಡಿ. ವಕೀಲರ ಪಾರಿಭಾಷಿಕ ಪದಗಳೇನೂ ಬೇಕಿಲ್ಲ ಎಂದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಹೇಳುತ್ತದೆ. ನಾನು ನನ್ನದನ್ನು ಕನ್ನಡದಲ್ಲೇ ಬರೆದೆ, ಎರಡು ಪುಟ.

ಇಲ್ಲಿಯ ವಿಲ್ ಮಾತ್ರ ಮೂರು ವಾರಾಂತ್ಯ ತಿಂದಿತು. ಮಗಳನ್ನು ಯಾರಿಗೆ ಒಪ್ಪಿಸುವುದು ಎಂಬಲ್ಲಿ ನಮ್ಮಿಬ್ಬರಿಗೆ ಜಗಳವೇ ಆಯಿತು. ಕೊನೆಗೆ ಪಕ್ಕದ ಊರಿನಲ್ಲಿರುವ ನನ್ನ ನಾದಿನಿಯನ್ನು ಕೇಳಿದೆವು. ಒಂದು ನಿಮಿಷ ಸುಮ್ಮನಿದ್ದಳು. "ಆಯ್ತು ಭಾವ" ಅಂದಳು. ಆಮೇಲೆ ಅವಳೂ "ಬಿಡ್ತು ಅನ್ನಿ" ಅಂದಳು.